ಸ್ಟ್ಯಾಂಡ್ ಇಲ್ಲದ ಸೈಕಲ್

ಅಕ್ಕನ ಮಗ ಅಮೆರಿಕದಿಂದ ಊರಿಗೆ ಬರುವಾಗ ಚಕ್ರ, ಹ್ಯಾಂಡಲ್, ಪೆಡಲ್‌ಗಳನ್ನೆಲ್ಲ ಬಿಚ್ಚಿ ರಟ್ಟಿನ ಡಬ್ಬದಲ್ಲಿ ತುಂಬಿಕೊಂಡು ತಂದಿದ್ದ ಬೆಟ್ಟದ ಸೈಕಲ್ಲನ್ನು, ಎಂಟು ತಿಂಗಳ ನಂತರ ಮತ್ತೆ ಅಲ್ಲಿಗೇ ಹೊರಟಾಗ ಚಿತ್ರದುರ್ಗದ ನಮ್ಮ ಮನೆಯಲ್ಲಿ ಬಿಟ್ಟುಹೋದ. ಹೋಗುವಾಗ ಅವನು ಹೇಳಿದ್ದು ಒಂದೇ ಮಾತು: "ಮಾವ, ಇದನ್ನು ಸುಮ್ಮನೆ ನಿಲ್ಲಿಸಬೇಡಿ." ನಿಲ್ಲಿಸುವುದು ನಮ್ಮ ಕೈಯಲ್ಲೂ ಇರಲಿಲ್ಲ, ಅದಕ್ಕೆ ಸ್ಟ್ಯಾಂಡೇ ಇರಲಿಲ್ಲ.

ಇಲ್ಲದಿದ್ದದ್ದು ಸ್ಟ್ಯಾಂಡ್ ಒಂದೇ ಅಲ್ಲ. ಕ್ಯಾರಿಯರ್ ಇರಲಿಲ್ಲ, ಮಡ್‌ಗಾರ್ಡ್ ಇರಲಿಲ್ಲ, ಚೈನಿಗೆ ಕವರ್ ಇರಲಿಲ್ಲ, ಬೆಲ್ಲು ಇರಲಿಲ್ಲ, ಬೀಗವಂತೂ ಇರಲೇ ಇಲ್ಲ. ಎದುರುಮನೆಯ ನಿವೃತ್ತ ಮೇಷ್ಟ್ರು ಗೇಟಿಗೆ ಒರಗಿಸಿಟ್ಟಿದ್ದ ಆ ಸೈಕಲ್ಲಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ, ಬೆಲೆ ಕೇಳಿ, ಒಂದು ಕ್ಷಣ ಕಣ್ಣುಮುಚ್ಚಿಕೊಂಡು, "ಈ ದುಡ್ಡಿಗೆ ಸ್ಕೂಟರ್ ಬರ್ತಿತ್ತಲ್ರೀ, ಇದಿನ್ನೂ ಪೂರ್ತಿ ಜೋಡಿಸಿದಂಗೆ ಕಾಣೋದಿಲ್ಲ" ಎಂದರು. ಕಲ್ಲುಮುಳ್ಳಿನ ಇಳಿಜಾರಿನಲ್ಲಿ ಜೋತಾಡುವ ಭಾಗಗಳೆಲ್ಲ ಮೊದಲು ಗಡಗಡ ಸದ್ದು ಮಾಡಿ ಆಮೇಲೆ ಕಳಚಿ ಬೀಳುತ್ತವೆ, ಸ್ಟ್ಯಾಂಡು ಕಲ್ಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ, ಮಡ್‌ಗಾರ್ಡಿನ ಒಳಗೆ ಎರೆಮಣ್ಣು ಮೆತ್ತಿಕೊಂಡು ಚಕ್ರವೇ ತಿರುಗದಂತಾಗುತ್ತದೆ, ಆದ್ದರಿಂದ ಬೇಕೆಂದೇ ಬಿಟ್ಟಿದ್ದಾರೆ ಎಂದು ನಾನು ಅಳಿಯನಿಂದ ಕಲಿತದ್ದನ್ನು ಒಪ್ಪಿಸಿದೆ. ಮೇಷ್ಟ್ರು ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದರು. ಇಲ್ಲದ್ದನ್ನೆಲ್ಲ ಗುಣವೆಂದು ಹೇಳಿ ಮಾರಿದವನ ಜಾಣತನಕ್ಕೆ ಒಳಗೊಳಗೇ ತಲೆದೂಗಿರಲೂ ಸಾಕು.

ಇಲ್ಲಿ ನನ್ನ ವೃತ್ತಿಯ ವಿಷಯ ಹೇಳಬೇಕು, ಏಕೆಂದರೆ ಮುಂದಿನ ಪೆಟ್ಟುಗಳಿಗೆಲ್ಲ ಅದೇ ಮೂಲ. ನಾನು ಇಪ್ಪತ್ತೆರಡು ವರ್ಷಗಳಿಂದ ವಿಮೆಯ ಏಜೆಂಟ್. ಯಾರ ಮನೆಗೆ ಹೋದರೂ ಕಾಫಿ ಬರುವುದರೊಳಗೆ ಅವರ ಒದ್ದೆ ಬಚ್ಚಲು, ಕಟಕಟೆಯಿಲ್ಲದ ಮೆಟ್ಟಿಲು, ಹಳೆಯ ಗ್ಯಾಸ್ ಪೈಪು, ಮಗ ಬೈಕ್ ಓಡಿಸುವ ವೇಗ ಇಷ್ಟನ್ನೂ ಲೆಕ್ಕ ಹಾಕಿರುತ್ತೇನೆ. ಉಳಿದವರಿಗೆ ನೆಲ ಕಾಣುವ ಕಡೆ ನನಗೆ ಜಾರುವ ನೆಲ ಕಾಣುತ್ತದೆ. ಅಪಾಯವನ್ನು ನೋಡುವುದು ಮತ್ತು ನೋಡಿಸುವುದು ನನ್ನ ಹೊಟ್ಟೆಪಾಡು. ಇಂಥ ಕಣ್ಣಿನವನು ಗುಡ್ಡದ ಇಳಿಜಾರಿಗೆ ಸೈಕಲ್ ಇಳಿಸಬಾರದು ಎಂಬುದು ನನಗೆ ತಿಳಿಯುವ ಹೊತ್ತಿಗೆ ಮೂರು ಸಲ ಬಿದ್ದಾಗಿತ್ತು.

ಹಾಗೆ ನೋಡಿದರೆ ಸೈಕಲ್ಲು ನನಗೆ ಹೊಸದಲ್ಲ. ಹಳ್ಳಿಯಲ್ಲಿ ತಾಸಿಗೆ ಎಂಟಾಣೆ ಕೊಟ್ಟು ಬಾಡಿಗೆಗೆ ತಂದ ದೊಡ್ಡ ಸೈಕಲ್ಲನ್ನು ಒಳಪೆಡಲ್ ಹೊಡೆದು ಕಲಿತವನು ನಾನು. ಕೆರೆ ಏರಿಯ ಮೇಲಿಂದ ಊರೊಳಗೆ ಇಳಿಯುವ ಬಂಡಿ ಜಾಡಿನಲ್ಲಿ ಬ್ರೇಕು ಹಿಡಿಯದಿದ್ದಾಗ ಹವಾಯಿ ಚಪ್ಪಲಿಯ ಹಿಮ್ಮಡಿಯನ್ನು ಟೈರಿಗೆ ಒತ್ತಿ ವೇಗ ತಗ್ಗಿಸುವ ವಿದ್ಯೆ ನಮ್ಮ ಓಣಿಯ ಹುಡುಗರಿಗೆಲ್ಲ ಕರಗತವಾಗಿತ್ತು. ಅಳಿಯನೊಮ್ಮೆ ಫೋನಿನಲ್ಲಿ ಈ ಕ್ರೀಡೆಯ ಚರಿತ್ರೆ ಹೇಳುತ್ತ, ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡದ ಮೇಲಕ್ಕೆ ಸಾಗಿಸಿ ಕೆಳಕ್ಕೆ ಬಿಡುತ್ತಿದ್ದ ಕೆಲವು ಗೆಳೆಯರು 1976ರ ಅಕ್ಟೋಬರ್ 21ರಂದು ಮೊದಲ ಪಂದ್ಯ ನಡೆಸಿದರೆಂದೂ, ಮೂರು ಕಿಲೋಮೀಟರಿಗೆ ತುಸು ಹೆಚ್ಚಿನ ದಾರಿಯಲ್ಲಿ 400 ಮೀಟರಿನಷ್ಟು ಇಳಿಯುವ ಆ ಜಾಡಿಗೆ 'ರೀಪ್ಯಾಕ್' ಎಂದೇ ಹೆಸರಾಯಿತೆಂದೂ ವಿವರಿಸಿದ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಆ ಕಾಲದ ಬ್ರೇಕು ಇಳಿಯುವಷ್ಟರಲ್ಲಿ ಕಾದು, ಚಕ್ರದ ನಡುವಿನ ಹಬ್‌ನೊಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗಿ, ಪ್ರತಿ ಸಲವೂ ಹೊಸದಾಗಿ ಗ್ರೀಸು ತುಂಬಬೇಕಾಗುತ್ತಿದ್ದುದರಿಂದ ಆ ಹೆಸರು. ಇದೇ ಆಟ 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿಗೂ ಹೋಯಿತಂತೆ. ನನಗೆ ಹೊಟ್ಟೆಯುರಿಯಿತು. ಅವರು ಗ್ರೀಸು ಸುಟ್ಟರು, ನಾವು ಚಪ್ಪಲಿ ಸುಟ್ಟೆವು. ಅವರಿಗೆ ಒಲಿಂಪಿಕ್ಸ್ ಸಿಕ್ಕಿತು, ನಮಗೆ ಚಪ್ಪಲಿ ಸವೆಸಿದ್ದಕ್ಕೆ ಅದೇ ಚಪ್ಪಲಿಯಿಂದ ಏಟು ಸಿಕ್ಕಿತು.

ಬೆಟ್ಟಕ್ಕೇನೂ ನಮ್ಮಲ್ಲಿ ಬರವಿಲ್ಲ. ಜೋಗಿಮಟ್ಟಿ ಊರಿಗೆ ಅಂಟಿಕೊಂಡಂತೆಯೇ ಇದೆ. ಆದರೆ ಅದು ಅರಣ್ಯ ಇಲಾಖೆಯ ಕಾವಲಿನಲ್ಲಿರುವ ಕಾಡು. ಗೇಟಿನಲ್ಲಿ ಅನುಮತಿ ಪಡೆದು ರಸ್ತೆ ಹಿಡಿದು ಹೋಗಬಹುದೇ ಹೊರತು ಕಂಡಕಂಡ ಕಾಲುದಾರಿಗೆ ಸೈಕಲ್ ನುಗ್ಗಿಸುವಂತಿಲ್ಲ, ಕರಡಿಗಳೂ ಚಿರತೆಗಳೂ ಇರುವ ಜಾಗದಲ್ಲಿ ನುಗ್ಗಿಸುವ ಆಸೆ ವಿಮೆಯವನಿಗೆ ಬರುವಂಥದ್ದೂ ಅಲ್ಲ. ನಾನು ಆರಿಸಿಕೊಂಡದ್ದು ಊರಾಚೆ ಗಾಳಿಯಂತ್ರಗಳನ್ನು ನೆಟ್ಟಿರುವ ಒಂದು ಸಾಧಾರಣ ಗುಡ್ಡ. ಯಂತ್ರ ಸಾಗಿಸಲು ಮಾಡಿದ ಅಗಲವಾದ ಗರಸಿನ ರಸ್ತೆ ಒಂದು ಪಕ್ಕದಿಂದ ನೆತ್ತಿಯವರೆಗೆ ಏರುತ್ತದೆ. ಇನ್ನೊಂದು ಪಕ್ಕದಲ್ಲಿ ಕುರಿಗಳು ಮಾಡಿದ ಒಂದು ಜಾಡು ಬಂಡೆಗಳ ನಡುವೆ ನುಸುಳಿ ಕೆಳಗಿನ ಹಳ್ಳಿಯ ಹೊಲಗಳಿಗೆ ಇಳಿಯುತ್ತದೆ. ಏರಲು ಯಂತ್ರದವರ ರಸ್ತೆ, ಇಳಿಯಲು ಕುರಿಗಳ ರಸ್ತೆ. ಕಾಗದದ ಮೇಲೆ ಬಹಳ ಅಚ್ಚುಕಟ್ಟಾದ ಯೋಜನೆ.

ಏರುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದರಲ್ಲಿ ಉಸಿರಿನ ಹೊರತು ಬೇರೆ ಘಟನೆಗಳಿರಲಿಲ್ಲ. ಎಲ್ಲಕ್ಕಿಂತ ಹಗುರವಾದ ಗೇರಿಗೆ ಹಾಕಿಕೊಂಡರೆ ಕಾಲುಗಳು ಹೊಲಿಗೆಯಂತ್ರದ ಹಾಗೆ ಆಡುತ್ತವೆ, ಸೈಕಲ್ಲು ಮಾತ್ರ ಇದ್ದಲ್ಲೇ ಇದ್ದಂತೆ ತೋರುತ್ತದೆ. ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಗರಸಿನಲ್ಲಿ ಹಿಡಿತ ತಪ್ಪಿ ಸುಮ್ಮನೆ ತಿರುಗುತ್ತದೆ, ಹಿಂದಕ್ಕೆ ಕೂತರೆ ಮುಂದಿನ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಮೂಗು ಹ್ಯಾಂಡಲ್ಲಿಗೆ ತಾಗುವಂತೆ ಬಾಗಿ ಸೀಟಿನ ತುದಿಯಲ್ಲಿ, ಋಣದ ಮನೆಯಲ್ಲಿ ಕೂತ ಹಾಗೆ ಕೂರಬೇಕು. ಮೊದಲ ದಿನ ಅರ್ಧ ದಾರಿಯಲ್ಲಿ ಒಂದು ಕುರಿಹಿಂಡು ನನ್ನನ್ನು ಹಿಂದೆ ಹಾಕಿತು. ಹಿಂಡಿನ ಕೊನೆಯಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬರುತ್ತಿದ್ದ ಹಿರಿಯರು ನನ್ನ ಪಕ್ಕದಲ್ಲಿ ಸ್ವಲ್ಪ ದೂರ ನಡೆದು, ನನ್ನ ವೇಗಕ್ಕೆ ಹೊಂದಿಕೊಳ್ಳುವುದು ಕಷ್ಟವಾಗಿ ಎರಡು ಸಲ ನಿಂತು, ಕೊನೆಗೆ "ಸ್ವಾಮಿ, ಇಳ್ದು ತಳ್ಕೊಂಡು ಹೋದ್ರೆ ಬಿರ್ರನೆ ಹೋಗ್ತೀರ" ಎಂದರು. ಅದು ನಿಜವೂ ಆಗಿತ್ತು.

ನೆತ್ತಿಯಲ್ಲಿ ನೀರು ಕುಡಿದು, ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಅಳಿಯನ ಉಪದೇಶಗಳನ್ನು ಮನಸ್ಸಿನಲ್ಲಿ ಒಮ್ಮೆ ಪಾರಾಯಣ ಮಾಡಿದೆ: ಸೀಟು ತಗ್ಗಿಸಬೇಕು, ಕೂರಬಾರದು, ಎರಡೂ ಪೆಡಲ್ ನೆಲಕ್ಕೆ ಸಮಾನಾಂತರವಾಗಿರಬೇಕು, ಮೊಣಕೈ ಮೊಣಕಾಲು ಸಡಿಲವಾಗಿರಬೇಕು, ಇಳಿಜಾರು ಹೆಚ್ಚಿದಂತೆ ಮೈಭಾರ ಹಿಂದಕ್ಕೆ ಸರಿಯಬೇಕು, ಮುಂದಿನ ಬ್ರೇಕನ್ನು ಮಾತ್ರ ಒಮ್ಮೆಲೇ ಹಿಡಿಯಬಾರದು. ಕೊನೆಯದು ನನಗೆ ಹೇಳಿಕೊಡಬೇಕಾದ ವಿಷಯವೇ ಅಲ್ಲ. ಬಾಲ್ಯದ ಸೈಕಲ್ಲಿನಿಂದ ಇಂದಿನ ಸ್ಕೂಟರಿನವರೆಗೆ ನನ್ನ ಎಡಗೈ ಹಿಂದಿನ ಬ್ರೇಕನ್ನೂ ಬಲಗೈ ಮುಂದಿನ ಬ್ರೇಕನ್ನೂ ಅರಿತಿವೆ. ಹೆದರಿಕೆಯಾದಾಗ ಎಡಗೈ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ತಲೆಗೆ ಸುದ್ದಿ ಆಮೇಲೆ ಮುಟ್ಟುತ್ತದೆ.

ಕುರಿಜಾಡಿನ ಮೊದಲ ನೂರು ಹೆಜ್ಜೆ ಸರಾಗವಾಗಿತ್ತು. ಆಮೇಲೆ ಜಾಡು ಒಂದು ಬಂಡೆಯ ಮೇಲಿಂದ ಮೊಣಕಾಲೆತ್ತರದ ಮೆಟ್ಟಿಲಿನಂತೆ ಕೆಳಗಿಳಿಯಿತು. ನನಗೆ ಹೆದರಿಕೆಯಾಯಿತು. ಎಡಗೈ ಮುಚ್ಚಿಕೊಂಡಿತು. ಅಮೆರಿಕದ ಸೈಕಲ್ಲುಗಳಲ್ಲಿ ಎಡಗೈಯದು ಮುಂದಿನ ಬ್ರೇಕು ಎಂಬ ಒಂದು ವಿಷಯವನ್ನು ಅಳಿಯ ಹೇಳಲು ಮರೆತಿದ್ದ.

ಡಿಸ್ಕ್ ಬ್ರೇಕು ಎಂದರೆ ನಮ್ಮ ಹಳೆಯ ರಬ್ಬರ್ ಬ್ರೇಕಿನಂತೆ ಅರ್ಜಿ ಹಾಕಿ ಕಾಯುವ ವ್ಯವಸ್ಥೆಯಲ್ಲ. ಎರಡು ಬೆರಳು ಒತ್ತಿದೊಡನೆ ಚಕ್ರ ಕಚ್ಚಿ ನಿಲ್ಲುತ್ತದೆ. ನಿಂತಿತು. ಮುಂದಿನ ಚಕ್ರ ನಿಂತ ಮೇಲೆ ಉಳಿದ ಸೈಕಲ್ಲು ಅದರ ಸುತ್ತ ಏತದಂತೆ ಮೇಲೆದ್ದಿತು, ಏತದ ತುದಿಯ ಬಾನಿಯಲ್ಲಿದ್ದ ನಾನು ಹೊಲಕ್ಕೆ ಸುರಿಯಲ್ಪಟ್ಟೆ. ಗಾಳಿಯಲ್ಲಿದ್ದ ಆ ಅರೆ ಕ್ಷಣದಲ್ಲಿ ನನ್ನ ಅಪಘಾತ ಪಾಲಿಸಿಯ ನವೀಕರಣದ ದಿನಾಂಕ ನೆನಪಾಯಿತು ಎಂದರೆ ಯಾರೂ ನಂಬುವುದಿಲ್ಲ, ಆದರೆ ನೆನಪಾಯಿತು. ಬಿದ್ದದ್ದು ಬಂದರೆ ಗಿಡಗಳ ದಟ್ಟ ಪೊದೆಯ ಮೇಲೆ. ನಮ್ಮ ಗುಡ್ಡಗಳಲ್ಲಿ ಇನ್ನೇನು ಬೆಳೆಯದಿದ್ದರೂ ಬಂದರೆ ಬೆಳೆಯುತ್ತದೆ ಎಂದು ಹಿಂದೆ ಹಗುರವಾಗಿ ಮಾತಾಡಿದ್ದಕ್ಕೆ ಅಂಗಾತ ಮಲಗಿಕೊಂಡೇ ಆ ಗಿಡದ ಕ್ಷಮೆ ಕೇಳಿದೆ. ಅಂಟಂಟಾದ ಎಲೆಗಳು ಅಂಗಿಗೆಲ್ಲ ಮೆತ್ತಿಕೊಂಡಿದ್ದವು. ಕುರಿಯ ಯಜಮಾನರು ನಿಧಾನವಾಗಿ ಬಂದು, ಬಂಡೆಯ ಸಂದಿನಲ್ಲಿ ಸಿಕ್ಕಿ ನೆಟ್ಟಗೆ ನಿಂತಿದ್ದ ಸೈಕಲ್ಲನ್ನೂ ಎರಡು ಮಾರು ದೂರದಲ್ಲಿ ಮಲಗಿದ್ದ ನನ್ನನ್ನೂ ನೋಡಿ, "ಸೈಕ್ಲು ನಿಂತೈತಲ್ಲ ಸ್ವಾಮಿ, ನೀವ್ಯಾಕೆ ಮುಂದಕ್ಕೆ ಹೋದ್ರಿ?" ಎಂದರು. ಅಪಘಾತದ ವರದಿಯನ್ನು ಇಷ್ಟು ಚಿಕ್ಕದಾಗಿ, ಇಷ್ಟು ನಿಖರವಾಗಿ ಬರೆದವರನ್ನು ನನ್ನ ಇಪ್ಪತ್ತೆರಡು ವರ್ಷದ ವೃತ್ತಿಯಲ್ಲಿ ಕಂಡಿಲ್ಲ.

ಆ ಬೀಳುವಿಕೆಯಲ್ಲಿ ನನಗಿಂತ ಹೆಚ್ಚು ಪೆಟ್ಟಾದದ್ದು ಹಿಂದಿನ ಗೇರು ನೇತಾಡುವ ಒಂದು ಪುಟ್ಟ ತುಂಡಿಗೆ. ಬೆರಳುದ್ದದ ಆ ಅಲ್ಯುಮಿನಿಯಂ ತುಂಡಿಗೆ ಹ್ಯಾಂಗರ್ ಎನ್ನುತ್ತಾರೆ. ಪಂಕ್ಚರ್ ಅಂಗಡಿಯ ಹುಡುಗ ಅದನ್ನು ಸ್ಪ್ಯಾನರಿನಿಂದ ಬಗ್ಗಿಸಿ ನೆಟ್ಟಗೆ ಮಾಡಲು ಹೋದಾಗ ಅದು ಲಟಕ್ಕೆಂದು ಮುರಿದು ಅವನ ಕೈಗೇ ಬಂತು. "ಇಷ್ಟು ದುಬಾರಿ ಸೈಕಲ್‌ಗೆ ಇಂಥ ಮೆತ್ತಗಿನ ಮಾಲು ಯಾಕೆ ಹಾಕವ್ರೆ ಅಂಕಲ್?" ಎಂದು ಅವನು ಗಾಬರಿಯಾದ. ವಿಚಾರಿಸಿದರೆ ಮುರಿಯಲೆಂದೇ ಅದನ್ನು ಮೆತ್ತಗೆ ಮಾಡಿರುತ್ತಾರಂತೆ. ಕಲ್ಲಿಗೆ ಬಡಿದಾಗ ಅದು ಮುರಿದು, ಅದಕ್ಕಿಂತ ಎಷ್ಟೋ ಪಟ್ಟು ದುಬಾರಿಯಾದ ಫ್ರೇಮನ್ನು ಉಳಿಸುತ್ತದಂತೆ. ಕೇಳಿ ನನಗೆ ಕಣ್ಣು ತುಂಬಿ ಬಂತು. ಗಿರಾಕಿಗಳ ಮುಂದೆ ಗಂಟೆಗಟ್ಟಲೆ ಮಾತಾಡಿಯೂ ನನಗೆ ವಿವರಿಸಲಾಗದ ಪ್ರೀಮಿಯಂ ಎಂಬುದರ ಅರ್ಥ ಆ ತುಂಡಿನಲ್ಲಿತ್ತು. ಅದೇ ಅಳತೆಯ ಇನ್ನೊಂದು ತುಂಡು ಅಂಚೆಯಲ್ಲಿ ಬರಲು ಮೂರು ವಾರ ಹಿಡಿಯಿತು. ಮುರಿದದ್ದನ್ನು ಬ್ಯಾಗಿನಲ್ಲಿಟ್ಟುಕೊಂಡು ಗಿರಾಕಿಗಳಿಗೆ ತೋರಿಸುತ್ತೇನೆ. ಈವರೆಗೆ ಇಬ್ಬರು ಅದನ್ನು ಗ್ಯಾಸ್ ಒಲೆಯ ಭಾಗ ಎಂದುಕೊಂಡಿದ್ದಾರೆ.

ಬ್ರೇಕಿನ ಎಡಬಲ ತಿಳಿದ ಮೇಲೂ ನಾನು ಬೀಳುವುದು ನಿಲ್ಲಲಿಲ್ಲ, ಕಾರಣ ಮಾತ್ರ ಬದಲಾಯಿತು. ಜಾಡಿನಲ್ಲಿ ಒಂದು ಕಲ್ಲಿದ್ದರೆ, ಅದರ ಎರಡೂ ಪಕ್ಕ ಎತ್ತಿನಗಾಡಿ ಹೋಗುವಷ್ಟು ಜಾಗವಿದ್ದರೂ, ನಾನು ಆ ಕಲ್ಲಿಗೇ ಹೋಗಿ ಬಡಿಯುತ್ತಿದ್ದೆ. ಅಳಿಯನಿಗೆ ಕೇಳಿದರೆ ನಕ್ಕ. "ಮಾವ, ಸೈಕಲ್ಲು ನೀವು ನೋಡಿದ ಕಡೆಗೇ ಹೋಗುತ್ತೆ. ಕಲ್ಲು ನೋಡಿದ್ರೆ ಕಲ್ಲಿಗೆ ಹೋಗುತ್ತೆ. ಕಲ್ಲಿನ ಪಕ್ಕದ ದಾರಿ ನೋಡಿ" ಎಂದ. ಕಣ್ಣು ಹೋದತ್ತ ತಲೆ, ತಲೆ ಹೋದತ್ತ ಭುಜ, ಭುಜ ಹೋದತ್ತ ಹ್ಯಾಂಡಲ್ಲು. ಹೇಳುವುದು ಸುಲಭ. ಇಪ್ಪತ್ತೆರಡು ವರ್ಷ ಕಲ್ಲನ್ನೇ ನೋಡಿ ಸಂಸಾರ ಸಾಕಿದವನಿಗೆ, ಇದ್ದಕ್ಕಿದ್ದಂತೆ ಕಲ್ಲು ಬಿಟ್ಟು ದಾರಿ ನೋಡು ಎಂದರೆ ಆಗುವ ಕೆಲಸವೇ? ದೂರದಲ್ಲೊಂದು ಕಲ್ಲು ಕಂಡೊಡನೆ ಅದು ಎಷ್ಟು ಚೂಪಾಗಿದೆ, ಬಡಿದರೆ ಮಂಡಿಗೆ ಎಷ್ಟು ಪೆಟ್ಟು, ಎಷ್ಟು ದಿನ ವಿಶ್ರಾಂತಿ, ಕ್ಲೇಮಿಗೆ ಯಾವ ಯಾವ ಕಾಗದ ಬೇಕು ಎಂದು ಮನಸ್ಸು ಫೈಲು ತೆರೆಯುತ್ತಿತ್ತು. ಫೈಲು ಮುಚ್ಚುವ ಹೊತ್ತಿಗೆ ನಾನು ಆ ಕಲ್ಲಿನ ಮೇಲಿರುತ್ತಿದ್ದೆ. ಒಂದು ತಿರುವಿನ ಬಳಿಯಿದ್ದ ಬೂದುಬಣ್ಣದ, ಕೂತ ಎಮ್ಮೆಯಂಥ ಬಂಡೆಯ ಪರಿಚಯ ಎಷ್ಟು ಬೆಳೆಯಿತೆಂದರೆ ಅದರ ಮೇಲೆ ನನ್ನ ಪೆಡಲಿನ ಗೀರುಗಳನ್ನು ದಿನಾಂಕದ ಪ್ರಕಾರ ಗುರುತಿಸಬಲ್ಲೆ.

ಆ ಎಮ್ಮೆಬಂಡೆಯ ಆಚೆ ಇನ್ನೂ ಒಂದು ಪರೀಕ್ಷೆಯಿತ್ತು. ಎರಡು ಹೆಬ್ಬಂಡೆಗಳ ನಡುವಿನ ಕಿರಿದಾದ ಸಂದಿಯಲ್ಲಿ ಜಾಡು ನುಸುಳುತ್ತದೆ. ಕುರಿಗಳು ಒಂದೊಂದಾಗಿ ದಾಟುತ್ತವೆ, ಕುರಿಯ ಯಜಮಾನರು ಪಕ್ಕಕ್ಕೆ ತಿರುಗಿ ದಾಟುತ್ತಾರೆ. ಅಲ್ಲಿ ಕಲ್ಲನ್ನು ನೋಡಬಾರದೆಂದು ಹಟ ಹಿಡಿದು, ಸಂದಿಯ ಆಚೆ ಕಾಣುತ್ತಿದ್ದ ಬಿಸಿಲಿನ ತುಣುಕನ್ನೇ ದಿಟ್ಟಿಸಿಕೊಂಡು ಒಳ್ಳೆಯ ವೇಗದಲ್ಲಿ ನುಗ್ಗಿದೆ. ಕಣ್ಣು ದಾಟಿತು, ತಲೆ ದಾಟಿತು, ಭುಜವೂ ದಾಟುತ್ತಿತ್ತೋ ಏನೋ, ಆದರೆ ಈ ಸೈಕಲ್ಲುಗಳ ಹ್ಯಾಂಡಲ್ಲು ಹಿಡಿತಕ್ಕಾಗಿ ಬಹಳ ಅಗಲವಿರುತ್ತದೆ. ನನ್ನದನ್ನು ಆಮೇಲೆ ಟೇಪು ಹಿಡಿದು ಅಳೆದಾಗ 76 ಸೆಂಟಿಮೀಟರ್ ಬಂತು. ಸಂದಿ ಅಷ್ಟಿರಲಿಲ್ಲ. ಎರಡೂ ತುದಿಗಳು ಎರಡೂ ಬಂಡೆಗಳಿಗೆ ಬಿರಡೆಯಂತೆ ಜಡಿದುಕೊಂಡವು. ನಮ್ಮ ಕೋಟೆಯ ಓಬವ್ವನ ಕಿಂಡಿಯಲ್ಲಿ ಹೈದರನ ಸೈನಿಕರು ಒಬ್ಬೊಬ್ಬರಾಗಿ ತೂರಿ ಬಂದ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಅವರನ್ನು ಬೆಟ್ಟದ ಸೈಕಲ್ಲಿನ ಮೇಲೆ ಕಳಿಸಿದ್ದರೆ ಮೊದಲನೆಯವನೇ ಕಿಂಡಿಗೆ ಸಿಕ್ಕಿಕೊಂಡು, ಓಬವ್ವ ನೀರು ತುಂಬಿಕೊಂಡು ನೆಮ್ಮದಿಯಾಗಿ ಮನೆಗೆ ಹೋಗಬಹುದಿತ್ತು.

ಇಷ್ಟೆಲ್ಲ ಪೆಟ್ಟು ತಿಂದೂ ಯಾಕೆ ಹೋಗುತ್ತೀರಿ ಎಂದು ಮನೆಯಾಕೆ ಕೇಳುತ್ತಾಳೆ. ಒಂದು ಭಾನುವಾರದ ವಿಷಯವನ್ನು ಅವಳಿಗೆ ಸರಿಯಾಗಿ ವಿವರಿಸಲು ನನಗೆ ಇಂದಿಗೂ ಆಗಿಲ್ಲ. ಹಿಂದಿನ ರಾತ್ರಿ ಸಣ್ಣ ಮಳೆ ಬಿದ್ದು ಗರಸು ಒಣಗಿಯೂ ಇರಲಿಲ್ಲ, ಕೆಸರೂ ಆಗಿರಲಿಲ್ಲ. ಟೈರು ನೆಲವನ್ನು ಕಚ್ಚಿಕೊಂಡು ಹರಿಯುವಾಗ ಹಂಚಿನ ಮೇಲೆ ನೀರು ಚಿಮುಕಿಸಿದಂತೆ ಚುರ್ರೆಂಬ ಒಂದೇ ಸದ್ದು. ಅಂದು ಏನು ಮರೆತಿದ್ದೆನೋ, ಕಲ್ಲುಗಳ ಕಡೆ ಕಣ್ಣು ಹೋಗಲೇ ಇಲ್ಲ. ಎಮ್ಮೆಬಂಡೆ ಬಂದದ್ದೂ ಹೋದದ್ದೂ ಪಕ್ಕದಲ್ಲೊಂದು ನೆರಳು ಸರಿದಂತೆ ಕಂಡಿತು. ಮಂಡಿಗಳು ತಾವಾಗಿಯೇ ಮಡಚಿ ಬಿಚ್ಚಿ ಏರುತಗ್ಗುಗಳನ್ನು ನುಂಗಿಕೊಂಡವು. ಬಾಯಿ ತೆರೆದಿತ್ತೆಂಬುದು ಹಲ್ಲಿಗೆ ತಣ್ಣನೆ ಗಾಳಿ ತಾಗಿದಾಗ ಗೊತ್ತಾಯಿತು. ನಾನು ನಗುತ್ತಿದ್ದೆ, ಅದೂ ಜೋರಾಗಿ. ಕೆರೆ ಏರಿಯ ಮೇಲಿಂದ ಚಪ್ಪಲಿ ಸುಟ್ಟುಕೊಂಡು ಇಳಿಯುವಾಗ ಬರುತ್ತಿದ್ದ ಅದೇ ನಗು, ನಲವತ್ತು ವರ್ಷ ಎಲ್ಲಿತ್ತೋ. ಅಷ್ಟರಲ್ಲಿ ಎದುರಿನಿಂದ ಭಾರಿ ಗಾತ್ರದ ಕರಿಯದೊಂದು ಏನೋ ನೆಲದ ಮೇಲೆ ಬೀಸಿ ನನ್ನ ಮೇಲೇ ಬಂತು. "ಅಯ್ಯಪ್ಪಾ" ಎಂದು ತಲೆ ತಗ್ಗಿಸಿ ಎರಡೂ ಬ್ರೇಕು ಹಿಡಿದೆ, ಸೈಕಲ್ಲು ಅಡ್ಡ ಜಾರಿತು, ನಾನು ಅದರ ಜೊತೆ ಜಾರಿದೆ. ಬಂದದ್ದು ಗಾಳಿಯಂತ್ರದ ರೆಕ್ಕೆಯ ನೆರಳು. ಕೂತಲ್ಲೇ ನೋಡುತ್ತಿದ್ದಂತೆ ಎರಡನೆಯ ರೆಕ್ಕೆಯ ನೆರಳು ನನ್ನ ಮೇಲೆ ಹಾದು ಹೋಯಿತು, ಆಮೇಲೆ ಮೂರನೆಯದು. ನೆರಳು ಬಡಿದು ಬಿದ್ದವರಿಗೆ ಯಾವ ಕಂಪನಿಯೂ ಪರಿಹಾರ ಕೊಡುವುದಿಲ್ಲ.

ಇನ್ನು ಹಾವಿನ ಪ್ರಕರಣ. ಇದನ್ನು ಹೇಳಬಾರದೆಂದುಕೊಂಡಿದ್ದೆ, ಆದರೆ ನಮ್ಮ ಬೀದಿಯಲ್ಲಿ ಇದರ ಮೂರು ಪಾಠಾಂತರಗಳು ಓಡಾಡುತ್ತಿರುವುದರಿಂದ ಮೂಲವನ್ನು ದಾಖಲಿಸುವುದು ಒಳ್ಳೆಯದು. ಗುಡ್ಡದ ಜಾಡಿನಲ್ಲಿ ಟೈರಿನ ಗಾಳಿ ರಸ್ತೆಗಿಂತ ಕಡಿಮೆಯಿರಬೇಕು. ಆಗ ಟೈರು ನೆಲದ ಉಬ್ಬುತಗ್ಗಿಗೆ ಹೊಂದಿಕೊಂಡು ಹಿಡಿತ ಕೊಡುತ್ತದೆ. ಒತ್ತಡವನ್ನು 28 ಪಿಎಸ್‌ಐಗೆ ಇಳಿಸಿ ಎಂದಿದ್ದ ಅಳಿಯ. ನನ್ನ ಬಳಿ ಅಳೆಯುವ ಮೀಟರಿರಲಿಲ್ಲ, ಹೆಬ್ಬೆರಳಿತ್ತು. ಮಾಗಿದ ಸೀತಾಫಲದ ಹದಕ್ಕೆ ಬರುವವರೆಗೆ ಗಾಳಿ ಬಿಟ್ಟೆ. 84 ಕಿಲೋ ತೂಗುವವನಿಗೆ ಅದು ಸಾಲದು ಎಂಬುದು ಮೊದಲ ಕಲ್ಲಿನಲ್ಲೇ ತಿಳಿಯಿತು. ಗಾಳಿ ಕಡಿಮೆಯಾದ ಟೈರು ಕಲ್ಲಿಗೆ ಬಡಿದಾಗ ಒಳಗಿನ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಜಜ್ಜಿ, ರಿಮ್ಮಿನ ಎರಡು ಅಂಚುಗಳ ಕಡೆ ಅಕ್ಕಪಕ್ಕದಲ್ಲೇ ಎರಡು ತೂತುಗಳಾಗುತ್ತವೆ, ಥೇಟ್ ವಿಷದ ಹಲ್ಲು ಊರಿದಂತೆ. ಆ ಪಂಕ್ಚರಿಗೆ ಸೈಕಲ್ಲಿನವರ ಭಾಷೆಯಲ್ಲಿ ಸ್ನೇಕ್ ಬೈಟ್ ಎಂದೇ ಹೆಸರು. ಟ್ಯೂಬು ಹೊರಗೆಳೆದು ಆ ಎರಡು ತೂತುಗಳನ್ನು ಕಂಡಾಗ, ಓದಿದ್ದು ಕಣ್ಣೆದುರಿಗೆ ಬಂದ ಸಂತೋಷದಲ್ಲಿ, ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅಳಿಯನಿಗೆ ಉತ್ತರವಾಗಿ ಹೀಗೆ ಬರೆದೆ: "ಸ್ನೇಕ್ ಬೈಟ್ ಆಯ್ತಪ್ಪ. ಗುಡ್ಡದಿಂದ ನಡೆದೇ ಇಳೀತಿದೀನಿ." ಆಮೇಲೆ ಮೊಬೈಲಿನ ಚಾರ್ಜು ಮುಗಿಯಿತು.

ಮುಂದಿನದನ್ನು ನಾನು ಆ ಸಂಜೆ ಗುಂಪಿನಲ್ಲಿ ಓದಿ ತಿಳಿದದ್ದು. ಅಕ್ಕ ದಾವಣಗೆರೆಯಿಂದ ಹನ್ನೊಂದು ಸಲ ಕರೆ ಮಾಡಿದ್ದಳು. ಚಿಕ್ಕಪ್ಪ ಯಾವ ಬಣ್ಣದ ಹಾವು ಎಂದು ಕೇಳಿದ್ದರು. ಈ ಗದ್ದಲದ ನಡುವೆ ಅಮೆರಿಕದಲ್ಲಿ ನಿದ್ದೆಗಣ್ಣಿನಲ್ಲಿ ಸಂದೇಶ ನೋಡಿದ ಅಳಿಯ, ಹೆಬ್ಬೆರಳಿನ ಚಿತ್ರವೊಂದನ್ನು ಹಾಕಿ, "ಕಂಗ್ರಾಟ್ಸ್ ಮಾವ! ಎಲ್ಲರಿಗೂ ಒಂದಲ್ಲ ಒಂದು ದಿನ ಆಗುತ್ತೆ" ಎಂದು ಬರೆದು ಮಲಗಿಬಿಟ್ಟಿದ್ದ. ಅದರ ಕೆಳಗೆ ಅಕ್ಕ ತನ್ನ ಮಗನ ಬಗ್ಗೆ ಬರೆದಿದ್ದನ್ನು ಇಲ್ಲಿ ಉದ್ಧರಿಸುವಂತಿಲ್ಲ.

ನಾನು ಒಂದು ಗಂಟೆಯ ಮೇಲೆ ಸೈಕಲ್ ತಳ್ಳಿಕೊಂಡು, ಹಳೆಯ ಪೆಟ್ಟಿನ ಕಾಲನ್ನು ಕುಂಟಿಸಿಕೊಂಡು ಹೊಲದ ಬದುವಿಗೆ ಇಳಿದಾಗ, ಅಲ್ಲಿ ಬಾಮೈದನ ಕಾರು, ಮನೆಯಾಕೆ, ಮೇಷ್ಟ್ರು, ಬೇರುನಾರಿನ ಗಂಟು ಹಿಡಿದ ಅಪರಿಚಿತರೊಬ್ಬರು ಮತ್ತು ಹಳ್ಳಿಯ ಹತ್ತಿಪ್ಪತ್ತು ಮಂದಿ ನಿಂತಿದ್ದರು. ಬಾಮೈದ ಓಡಿಬಂದು ನನ್ನನ್ನು ನೆಲಕ್ಕೆ ಮಲಗಿಸಿದ. "ಭಾವ, ಎಲ್ಲಿ ಕಚ್ಚಿದೆ?" ಎಂದ. "ಹಿಂದಿನ ಚಕ್ರಕ್ಕೆ" ಎಂದೆ. ಅವನು ಹಿಂದಿರುಗಿ, "ಮಾತು ತಪ್ತಾ ಇದೆ, ವಿಷ ತಲೆಗೇರಿದೆ" ಎಂದು ಎಲ್ಲರಿಗೂ ಸಾರಿದ. ಮೀನಖಂಡದ ಮೇಲೆ ಜಾಲಿಮುಳ್ಳು ಗೀರಿದ ಗುರುತುಗಳು ಹೇರಳವಾಗಿದ್ದುದರಿಂದ ಅವರಿಗೆ ಬೇಕಾದ ಎರಡು ತೂತು ಹುಡುಕುವುದು ಕಷ್ಟವಾಗಲಿಲ್ಲ. ಮೇಷ್ಟ್ರು ಮೊಬೈಲಿನಲ್ಲಿ ಓದುತ್ತಿದ್ದರು: ನಾಗರಹಾವು, ಕಟ್ಟುಹಾವುಗಳ ವಿಷ ನರಗಳಿಗೆ ಏರಿದರೆ ಕಣ್ಣಿನ ರೆಪ್ಪೆ ಜೋಲುತ್ತದೆ. ಎಲ್ಲರೂ ನನ್ನ ರೆಪ್ಪೆ ನೋಡಿದರು. ನನ್ನ ರೆಪ್ಪೆಗಳು ಹುಟ್ಟಿನಿಂದಲೇ ಜೋತುಬಿದ್ದಿವೆ, ಮದುವೆಯ ಫೋಟೋದಲ್ಲಿ ನಾನು ನಿದ್ದೆ ಮಾಡುತ್ತಿರುವಂತೆಯೇ ಕಾಣುತ್ತೇನೆ. ಸಾಕ್ಷಿ ಹೇಳಬೇಕಾದ ಮನೆಯಾಕೆ ಆಗ ಅಳುತ್ತಿದ್ದಳು. ಬಾಮೈದ ಟವೆಲು ಬಿಚ್ಚಿ ನನ್ನ ತೊಡೆಗೆ ಬಿಗಿದ ಬಿಗಿತಕ್ಕೆ ನಿಜವಾಗಿಯೂ ಮಾತು ನಿಂತಿತು.

ಆಸ್ಪತ್ರೆಯಲ್ಲಿ ತರುಣ ವೈದ್ಯರು ಮೊದಲು ಮಾಡಿದ ಕೆಲಸ ಆ ಟವೆಲನ್ನು ಬಿಚ್ಚಿಸಿದ್ದು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು, ಕಚ್ಚಿದ ಕಾಲನ್ನು ಅಲ್ಲಾಡದಂತೆ ಇರಿಸಿ ಆದಷ್ಟು ಬೇಗ ಆಸ್ಪತ್ರೆಗೆ ತರಬೇಕು ಎಂದು ಬಾಮೈದನಿಗೆ ಶಾಂತವಾಗಿ, ಆದರೆ ಮೇಷ್ಟ್ರಿಗೂ ಕೇಳುವಂತೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. ನಾನು ಜೇಬಿನಿಂದ ಟ್ಯೂಬು ತೆಗೆದು, ಎರಡು ತೂತುಗಳನ್ನು ಬೆಳಕಿಗೆ ಹಿಡಿದು ತೋರಿಸಿದೆ. ಅವರು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿ, "ಇದಕ್ಕೆ ನಮ್ಮಲ್ಲಿ ಔಷಧಿ ಇಲ್ಲ, ಹೊರಗೆ ಗೇಟಿನ ಎಡಕ್ಕೆ ಪಂಕ್ಚರ್ ಅಂಗಡಿ ಇದೆ" ಎಂದರು. ತೊಡೆಯ ಮೇಲೆ ಟವೆಲಿನ ಅಚ್ಚು ಒಂದು ವಾರ ಇತ್ತು. ಅಂದಿನ ಸವಾರಿಯಲ್ಲಿ ನನಗಾದ ಗಾಯ ಅದೊಂದೇ.

ಕಳೆದ ತಿಂಗಳು ನನ್ನ ಅಪಘಾತ ವಿಮೆ ಹೊಸದಾಗಿ ಮಾಡಿಸಬೇಕಾಗಿ ಬಂದು ಪ್ರಸ್ತಾವನೆಯ ಫಾರಂ ತುಂಬಲು ಕುಳಿತೆ. ಇಂಥ ಪಾಲಿಸಿಗಳಲ್ಲಿ ಅನೇಕವು ಸಾಹಸ ಕ್ರೀಡೆಯಲ್ಲಾದ ಪೆಟ್ಟಿಗೆ ಹಣ ಕೊಡುವುದಿಲ್ಲ, ಅದು ಸಣ್ಣ ಅಕ್ಷರದಲ್ಲಿರುತ್ತದೆ, ಆ ಸಣ್ಣ ಅಕ್ಷರವನ್ನು ಊರಿಗೆಲ್ಲ ಓದಿಹೇಳುವವನು ನಾನೇ. ಫಾರಮಿನಲ್ಲಿ 'ಅಪಾಯಕರ ಹವ್ಯಾಸಗಳಿವೆಯೆ?' ಎಂಬ ಪ್ರಶ್ನೆಯಿದೆ. ಈ ಊರಿನಲ್ಲಿ ಯಾರಿಗೆ ಅಂಥ ಹವ್ಯಾಸ ಇರುತ್ತದೆ ಎಂದು ಇಪ್ಪತ್ತೆರಡು ವರ್ಷ ಗಿರಾಕಿಗಳನ್ನು ಕೇಳದೆಯೇ 'ಇಲ್ಲ' ಎಂದು ಬರೆಯುತ್ತ ಬಂದಿದ್ದ ನನ್ನ ಪೆನ್ನು ಅಂದು ಮೊದಲ ಬಾರಿಗೆ ನಿಂತಿತು. ಗೋಡೆಗೆ ಒರಗಿದ್ದ ಸೈಕಲ್ಲನ್ನೊಮ್ಮೆ ನೋಡಿದೆ. ಸೊಪ್ಪು ಬಿಡಿಸುತ್ತಿದ್ದ ಮನೆಯಾಕೆಯನ್ನು, "ಏನಂತ ಬರೆಯಲೆ? ಸೈಕಲ್ ಹೊಡೆಯುವುದು ಅಪಾಯಕರ ಹವ್ಯಾಸವೆ?" ಎಂದು ಕೇಳಿದೆ.

ಅವಳು ಸೊಪ್ಪಿನಿಂದ ತಲೆಯೆತ್ತದೆ, "ನೀವೆಲ್ಲಿ ಸೈಕಲ್ ಹೊಡೀತೀರಿ, ಬೀಳ್ತೀರಿ. ಇದ್ದದ್ದು ಇದ್ದಂಗೆ ಬರೀರಿ" ಎಂದಳು.